ಸ್ಕ್ರೀನಿನ ನೀಲಿ, ಕಾಗದದ ಮೇಲೆ ನೇರಳೆ ಯಾಕಾಗುತ್ತದೆ?

ಪ್ರಶ್ನೆ: ತಂಗಿಯ ಮದುವೆ ಕಾರ್ಡನ್ನು ನಾನೇ ಡಿಸೈನ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಬಾರ್ಡರ್ ಒಳ್ಳೇ ಗಾಢ ನೀಲಿ. ಸುಲ್ತಾನ್‌ಪೇಟೆಯಲ್ಲಿ ಪ್ರಿಂಟ್ ಹಾಕಿಸಿದರೆ ನೇರಳೆ ಬಂತು. ಪ್ರೆಸ್ಸಿನವರು ‘ನಿಮ್ಮ ಫೈಲೇ ಹಾಗಿದೆ’ ಅಂತಾರೆ. ತಪ್ಪು ಯಾರದು?

ಉತ್ತರ: ಬೇಜಾರು ಮಾಡ್ಕೋಬೇಡಿ, ಬಹುಶಃ ಪ್ರೆಸ್ಸಿನವರು ಹೇಳಿದ್ದೇ ಸರಿ.

ಸ್ಕ್ರೀನ್ ಬಣ್ಣ ತೋರಿಸುವುದು ಕೆಂಪು, ಹಸಿರು, ನೀಲಿ (ಆರ್‌ಜಿಬಿ) ಬೆಳಕಿನಿಂದ. ಪ್ರೆಸ್ಸಿನ ಹತ್ತಿರ ನೀಲಿ ಬೆಳಕೂ ಇಲ್ಲ, ನೀಲಿ ಇಂಕೂ ಇಲ್ಲ. ಇರುವುದು ಸಯಾನ್ (ಹಸಿರು ಛಾಯೆಯ ಆಕಾಶ ಬಣ್ಣ), ಮೆಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು. ಈ ನಾಲ್ಕಕ್ಕೇ ಸಿಎಂವೈಕೆ ಅನ್ನುವುದು. ಸಯಾನ್ ಮೇಲೆ ಮೆಜೆಂಟಾ ಬಿದ್ದರೆ ನೀಲಿ. ಮೆಜೆಂಟಾ ಸ್ವಲ್ಪ ಜಾಸ್ತಿಯಾದರೆ ನೇರಳೆ, ಅಷ್ಟೆ. ಆರ್‌ಜಿಬಿಯ ಅಚ್ಚ ನೀಲಿಯನ್ನು (0, 0, 255) ಫೋಟೋಶಾಪಿನ ಅಮೆರಿಕನ್ ಸೆಟ್ಟಿಂಗಿನಲ್ಲಿ ಸಿಎಂವೈಕೆ ಮಾಡಿದರೆ ಸುಮಾರು ಸಯಾನ್ ಶೇ. 88, ಮೆಜೆಂಟಾ ಶೇ. 77 ಬರುತ್ತದೆ. ಎರಡರ ನಡುವೆ ಹೆಚ್ಚು ಅಂತರವೇ ಇಲ್ಲ, ನೋಡಿ. ಸಯಾನ್‌ಗಿಂತ ಮೆಜೆಂಟಾ ಕನಿಷ್ಠ 30 ಕಡಿಮೆ ಇರಲಿ ಅನ್ನುವುದು ಡಿಟಿಪಿಯವರ ಹಳೇ ಲೆಕ್ಕ.

ಇನ್ನು ಕಲರ್ ಪ್ರೊಫೈಲ್. ‘ಒಂದು ಲೋಟ ಅಕ್ಕಿ ಹಾಕು’ ಅಂತ ಅಜ್ಜಿ ಹೇಳಿದರೆ ‘ಯಾವ ಲೋಟ?’ ಅಂತ ಕೇಳುತ್ತೀವಿ, ಅಲ್ವಾ? ಫೈಲಿನಲ್ಲಿರುವ ಅಂಕಿಗಳೂ ಹಾಗೇ. ಅವನ್ನು ಯಾವ ಲೋಟದಲ್ಲಿ ಅಳೆದದ್ದು ಅಂತ ಹೇಳುವ ಚೀಟಿಯೇ ಪ್ರೊಫೈಲ್. ಎಲ್ಲ ಕಂಪನಿಗಳ ಸಾಫ್ಟ್‌ವೇರೂ ಈ ಚೀಟಿಯನ್ನು ಓದುವ ಹಾಗಿರಲಿ ಅಂತಲೇ 1993ರಲ್ಲಿ ಐಸಿಸಿ (ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ) ಒಕ್ಕೂಟ ಹುಟ್ಟಿತು.

ಅನೇಕರು ಡೀಫಾಲ್ಟಾಗಿ ಬಂದ ‘ಯುಎಸ್ ವೆಬ್ ಕೋಟೆಡ್ ಸ್ವಾಪ್’ ಪ್ರೊಫೈಲನ್ನೇ ಬಿಟ್ಟಿರುತ್ತಾರೆ. ಆ ‘ವೆಬ್’ ಇಂಟರ್‌ನೆಟ್ ಅಲ್ಲ! ಪೇಪರ್ ರೋಲ್ ಹಾಕಿ ಓಡಿಸುವ ದೊಡ್ಡ ಪ್ರೆಸ್. ಅದೂ ಅಮೆರಿಕದ ಮ್ಯಾಗಜಿನ್‌ಗಳ ಲೆಕ್ಕ. ನಮ್ಮ, ಬಿಡಿ ಹಾಳೆ ಹಾಕಿ ಓಡಿಸುವ ಶೀಟ್‌ ಆಫ್‌ಸೆಟ್‌ಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಡಿಸೈನಿಗೆ ಕೂರುವ ಮೊದಲೇ ಪ್ರೆಸ್ಸಿಗೆ ಫೋನ್ ಮಾಡಿ, ಯಾವ ಪೇಪರ್, ಯಾವ ಪ್ರೊಫೈಲ್ ಅಂತ ಕೇಳಿ. ‘ಸಿಎಂವೈಕೆ ಕೊಡಿ ಸಾಕು ಸಾರ್’ ಅಂದರೆ, ನುಣುಪು ಲೇಪನದ ಆರ್ಟ್ ಪೇಪರಿಗೆ ಫೋಗ್ರಾ39 ಪ್ರೊಫೈಲ್ ಇಟ್ಟುಕೊಳ್ಳಿ. ಲೇಪನವಿಲ್ಲದ ಮ್ಯಾಪ್ಲಿಥೋ ಪೇಪರ್ ಇಂಕ್ ಹೀರುತ್ತದೆ, ಬಣ್ಣ ಮಂಕಾಗುತ್ತದೆ. ಅದಕ್ಕೆ ಅನ್‌ಕೋಟೆಡ್ ಪ್ರೊಫೈಲೇ ಬೇಕು. ಡಿಜಿಟಲ್ ಮೆಶಿನ್ ಆದರೆ ಕೆಲವರು ಎಸ್‌ಆರ್‌ಜಿಬಿ (ಸ್ಕ್ರೀನ್‌ಗಳ ಸಾಮಾನ್ಯ ಆರ್‌ಜಿಬಿ ಪ್ರೊಫೈಲ್) ಫೈಲನ್ನೇ ಕೇಳುತ್ತಾರೆ. ಹಾಗಿದ್ದರೆ ಪ್ರೊಫೈಲ್ ಸಮೇತ ಅದನ್ನೇ ಕೊಡಿ.

ಫೋಟೋಶಾಪಿನಲ್ಲಿ ಅಕ್ಕಪಕ್ಕ ಎರಡು ಆಯ್ಕೆ ಇವೆ: ‘ಅಸೈನ್’, ‘ಕನ್ವರ್ಟ್’. ಕನ್ವರ್ಟ್ ಅಂದರೆ ಬೇರೆ ಲೋಟಕ್ಕೆ ಅಳೆದು ಸುರಿದ ಹಾಗೆ. ಅಂಕಿ ಬದಲಾಗುತ್ತದೆ, ಬಣ್ಣ ಆದಷ್ಟೂ ಹಾಗೇ ಉಳಿಯುತ್ತದೆ. ಅಸೈನ್ ಅಂದರೆ ಸುಮ್ನೆ ಚೀಟಿ ಬದಲಾಯಿಸಿದ ಹಾಗೆ. ಅಂಕಿ ಅದೇ, ಬಣ್ಣ ಬೇರೆ. ನಾನೊಮ್ಮೆ ಎಸ್‌ಆರ್‌ಜಿಬಿ ಫೋಟೋಗೆ ಅಡೋಬ್ ಆರ್‌ಜಿಬಿ (ಇನ್ನೂ ದೊಡ್ಡ ಲೋಟ) ಅಸೈನ್ ಮಾಡಿ, ಆಮೇಲೆ ಸಿಎಂವೈಕೆ ಮಾಡಿ ಕಳಿಸಿಬಿಟ್ಟಿದ್ದೆ. ಆಲ್ಬಂ ಬಂದಾಗ ಮದುಮಗಳ ಮುಖ ಟೊಮೇಟೊ! ಪ್ರೆಸ್ಸಿನವರ ಜೊತೆ ಜಗಳವಾಡಿ ಬಂದ ಮೇಲೆ ತಪ್ಪು ನನ್ನದೇ ಅಂತ ಗೊತ್ತಾಯಿತು. ಅಂದಿನಿಂದ ಆರ್‌ಜಿಬಿ ಮೂಲ ಫೈಲನ್ನು ಮುಟ್ಟುವುದಿಲ್ಲ. ಕಾಪಿ ಮಾಡಿ, ಕೊನೆಯಲ್ಲಿ ಒಂದೇ ಸಲ ಕನ್ವರ್ಟ್ ಮಾಡುತ್ತೇನೆ.

ಕನ್ವರ್ಟ್ ಮಾಡುವ ಮೊದಲು ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ಪ್ರೆಸ್ಸಿನ ಪ್ರೊಫೈಲ್ ಹಾಕಿ ನೋಡಿ. ನೀಲಿ ಸಪ್ಪೆಯಾಗುವುದು ಅಲ್ಲೇ ಕಾಣುತ್ತದೆ. ಸಣ್ಣ ಅಕ್ಷರಗಳು ಬರೀ ಕಪ್ಪು 100 ಇರಲಿ. ನಾಲ್ಕೂ ಇಂಕ್ ಸೇರಿಸಿದರೆ ಪ್ಲೇಟ್ ಕೂದಲೆಳೆ ಸರಿದರೂ ಒತ್ತಕ್ಷರಗಳ ಅಂಚಿನಲ್ಲಿ ಬಣ್ಣದ ನೆರಳು ಬರುತ್ತದೆ. ಪಿಡಿಎಫ್ ಮಾಡುವಾಗ ಪ್ರಿಂಟಿಗಾಗಿಯೇ ಇರುವ ಪಿಡಿಎಫ್/ಎಕ್ಸ್-4 ಆರಿಸಿದರೆ ಯಾವ ಪ್ರೊಫೈಲಿಗೆ ತಯಾರಿಸಿದ್ದು ಅನ್ನುವ ಮಾಹಿತಿ ಫೈಲಿನ ಜೊತೆಗೇ ಹೋಗುತ್ತದೆ.

ಕಾರ್ಡ್ ಇನ್ನೊಂದು ಲಾಟ್ ಹಾಕಿಸುವುದಿದ್ದರೆ ಬಾರ್ಡರನ್ನು ಸಯಾನ್ 100, ಮೆಜೆಂಟಾ 60 ಮಾಡಿ. ಅದೇ ಪೇಪರಿನ ಮೇಲೆ ಒಂದು ಪ್ರೂಫ್ (ಮಾದರಿ ಪ್ರತಿ) ತೆಗೆಸಿ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ಓಕೆ ಅನ್ನಬೇಡಿ. ಹೊರಗೆ ಬಂದು ನೆರಳಿನಲ್ಲಿ ಹಿಡಿದು ನೋಡಿ, ಆಮೇಲೆ ಸಹಿ ಹಾಕಿ.