ಹೊಟ್ಟೆಯ ಬ್ಯಾಕ್ಟೀರಿಯಾ ಮೇಲೆ ಕೊಲೆಸ್ಟ್ರಾಲ್ ಆರೋಪ: ಹಿನ್ನೆಲೆ ಏನು?

ಉತ್ತರ ಫಿನ್ಲೆಂಡಿನಲ್ಲಿ ಹಿಮಸಾರಂಗ ಮೇಯಿಸುವ 880 ಗಂಡಸರ ರಕ್ತಪರೀಕ್ಷೆಯ ವಿವರ 1999ರಲ್ಲಿ ಪ್ರಕಟವಾಯಿತು. ಹೊಟ್ಟೆಯಲ್ಲಿ ನೆಲೆಸುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಗುರುತು ಇದ್ದವರಲ್ಲಿ ಒಟ್ಟು ಕೊಲೆಸ್ಟ್ರಾಲ್, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಎರಡೂ ಜಾಸ್ತಿ ಇದ್ದವು. ಅಲ್ಸರ್ ತರುವ ಬ್ಯಾಕ್ಟೀರಿಯಾಕ್ಕೂ ರಕ್ತದ ಕೊಬ್ಬಿಗೂ ಎಲ್ಲಿಯ ನಂಟು?

ಅಲ್ಸರ್‌ಗೆ ಬ್ಯಾಕ್ಟೀರಿಯಾ ಕಾರಣ ಎಂಬುದನ್ನೇ ಒಂದು ಕಾಲಕ್ಕೆ ಯಾರೂ ನಂಬುತ್ತಿರಲಿಲ್ಲ. ಖಾರ, ಟೆನ್ಷನ್, ಆಸಿಡ್ ಇಷ್ಟರಲ್ಲೇ ವಿವರಣೆ ಮುಗಿಯುತ್ತಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ 1979ರಲ್ಲಿ ಜಠರದ ಬಯಾಪ್ಸಿ ಚೂರುಗಳಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಾ ಕಂಡರು. ಜೊತೆಗೂಡಿದ ಯುವ ವೈದ್ಯ ಬ್ಯಾರಿ ಮಾರ್ಷಲ್ ಅದನ್ನು ಲ್ಯಾಬಿನಲ್ಲಿ ಬೆಳೆಸಲು ಹೊರಟರೆ ತಟ್ಟೆಗಳೆಲ್ಲ ಖಾಲಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಹಾಗೇ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು! ಎರಡು ವರ್ಷದ ಮೇಲೆ ಮಾರ್ಷಲ್ ಅದನ್ನು ಕದಡಿಕೊಂಡು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಲ್ಸರ್ ವಿಷಯದಲ್ಲಿ ಇಷ್ಟು ದೊಡ್ಡ ತಪ್ಪು ನಡೆದಿರುವಾಗ ಹೃದ್ರೋಗದಲ್ಲೂ ಯಾಕಾಗಿರಬಾರದು? 1990ರ ದಶಕದ ಹುರುಪೇ ಅದು. ಹೃದ್ರೋಗಿಗಳಲ್ಲಿ ಈ ಸೋಂಕು ಹೆಚ್ಚು ಎಂದು ಲಂಡನ್ನಿನ ಅಧ್ಯಯನವೊಂದು 1994ರಲ್ಲಿ ಹೇಳಿತು. ಕಾರಣ ಹುಡುಕುವುದೂ ಕಷ್ಟವಾಗಲಿಲ್ಲ: ವರ್ಷಗಟ್ಟಲೆ ಉರಿಯೂತವಿದ್ದರೆ ಕೊಬ್ಬು ಕರಗಿಸುವ ಕಿಣ್ವ ಮಂಕಾಗಿ ಟ್ರೈಗ್ಲಿಸರೈಡ್ ಏರಬಹುದು, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ ಇಳಿಯಬಹುದು.

ತೊಡಕು ಬೇರೆ ಕಡೆ ಇತ್ತು. ಈ ಸೋಂಕು ತಗಲುವುದು ಬಹುಪಾಲು ಬಾಲ್ಯದಲ್ಲಿ, ಇಕ್ಕಟ್ಟಿನ ಮನೆ, ಬಡತನ ಇರುವಲ್ಲಿ. ಅಂಥ ಬದುಕು ಹೃದಯಕ್ಕೂ ಒಳ್ಳೆಯದಲ್ಲ. ಹಾಗಾದರೆ ದೂರಬೇಕಾದ್ದು ಬ್ಯಾಕ್ಟೀರಿಯಾವನ್ನೋ ಬಡತನವನ್ನೋ? ಫಿನ್ಲೆಂಡ್ ವರದಿಗೆ ಒಂದು ವರ್ಷ ಮೊದಲೇ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಬ್ರಿಟಿಷ್ ಸಂಶೋಧಕರಿಗೆ ಹೃದ್ರೋಗದ ಅಪಾಯಕಾರಿ ಅಂಶಗಳ ಜೊತೆ ಬಲವಾದ ನಂಟೇನೂ ಕಂಡಿರಲಿಲ್ಲ. ಸೋಂಕು ನಿವಾರಿಸಿದ ಮೇಲೆ ಎಚ್‌ಡಿಎಲ್ ತುಸು ಏರಿತೆಂದು ಕೆಲವು ಅಧ್ಯಯನಗಳು ಹೇಳಿವೆ. ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ ವಿಷಯದಲ್ಲಿ ಒಂದೇ ಮಾತಿಲ್ಲ. ನನ್ನ ಮಟ್ಟಿಗೆ ಆರೋಪ ಇನ್ನೂ ಸಾಬೀತಾಗಿಲ್ಲ.

ಇದಕ್ಕಿಂತ ಸ್ವಾರಸ್ಯದ್ದು 2006ರಲ್ಲಿ ಹೊರಬಂತು. ಈ ಬ್ಯಾಕ್ಟೀರಿಯಾಕ್ಕೆ ಕೊಲೆಸ್ಟ್ರಾಲ್ ತಯಾರಿಸಲು ಬರದು. ನಮ್ಮ ಜೀವಕೋಶಗಳ ಪೊರೆಯಿಂದ ಅದನ್ನು ಕದ್ದು, ಗ್ಲೂಕೋಸ್ ಅಂಟಿಸಿ ತನ್ನ ಮೈಗೆ ಬಳಸಿಕೊಳ್ಳುತ್ತದೆ; ಆಗ ರೋಗನಿರೋಧಕ ಕೋಶಗಳಿಂದ ತಪ್ಪಿಸಿಕೊಳ್ಳುವುದು ಸುಲಭ. ಕಳ್ಳತನ ಖಚಿತ, ಆದರೆ ಅದರಿಂದ ನಮ್ಮ ಲಿಪಿಡ್ ರಿಪೋರ್ಟು ಏರುತ್ತದೆ ಎನ್ನಲು ಇದು ಸಾಕ್ಷಿಯಲ್ಲ.

ಕೊಲೆಸ್ಟ್ರಾಲ್ ಇಳಿಸಲೆಂದು ಆಂಟಿಬಯಾಟಿಕ್ ಕೊಡುವ ಪದ್ಧತಿ ಇಲ್ಲ. ‘ಗ್ಯಾಸ್ಟ್ರಿಕ್’ ಎಂದು ಹೋಗಿ ಸೋಂಕು ಪತ್ತೆಯಾದವರು ಮಾತ್ರ ತಮ್ಮ ಕೊಲೆಸ್ಟ್ರಾಲ್ ಮಾತ್ರೆಯ ಹೆಸರನ್ನು ವೈದ್ಯರಿಗೆ ಹೇಳಲೇಬೇಕು. ಈ ಸೋಂಕಿನ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಸುವ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್, ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯ ಜೊತೆ ಸೇರಿದರೆ ಆ ಮಾತ್ರೆಯ ಅಂಶ ರಕ್ತದಲ್ಲಿ ವಿಪರೀತ ಏರಿ ಸ್ನಾಯುಗಳಿಗೆ ಹಾನಿಯಾಗಬಹುದು.