ಮಾಮೂಲೇ ಕಳ್ಳತನವಾದಾಗ

1801ರಲ್ಲಿ ಲಂಡನ್‌ನ ಜನಸಂಖ್ಯೆ ಸುಮಾರು 10 ಲಕ್ಷ. 50 ವರ್ಷದಲ್ಲಿ ಅದು 23 ಲಕ್ಷ ದಾಟಿತು. ಅಂಥ ಊರಲ್ಲಿ ಕಳ್ಳಕಾಕರು ಹೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನಿನ್ನೆಯವರೆಗೆ ಯಾರೂ ಕಳವು ಎನ್ನದಿದ್ದ ಎಷ್ಟೋ ಸಂಗತಿಗಳು ಅಪರಾಧದ ಪಟ್ಟಿಗೆ ಸೇರಿದ್ದೂ ಈ ಕಾಲದಲ್ಲೇ.

ಥೇಮ್ಸ್ ನದಿಯನ್ನೇ ನೋಡಿ. ವೆಸ್ಟ್ ಇಂಡೀಸ್‌ನಲ್ಲಿ ಗುಲಾಮರು ಬೆವರು ಸುರಿಸಿ ತೆಗೆದ ಸಕ್ಕರೆ ಹೊತ್ತ ಹಡಗುಗಳು ನಡುನೀರಲ್ಲೇ ದಿನಗಟ್ಟಲೆ ಕಾಯುತ್ತಿದ್ದವು. ಸರಕು ಇಳಿಸುವ ಹಮಾಲಿಗಳು ಹಡಗಿನಲ್ಲಿ ಚೆಲ್ಲಿದ ಸಕ್ಕರೆ ಗುಡಿಸಿಕೊಳ್ಳುವರು, ಕಲ್ಲಿದ್ದಲು ಹೊರುವವರು ಚೀಲದಲ್ಲಿ ಒಂದಿಷ್ಟು ಮನೆಗೆ ಒಯ್ಯುವರು, ಹಡಗು ಕಟ್ಟುವ ಬಡಗಿಗಳಿಗೆ ತುಂಡು ಮರ. ಇದೆಲ್ಲ ಮಾಮೂಲು. ಕೂಲಿ ಕಡಿಮೆ ಇದ್ದರೂ ನಡೆಯುತ್ತಿದ್ದುದು ಇದರಿಂದಲೇ. ರಾತ್ರಿ ಹಗ್ಗ ಕತ್ತರಿಸಿ ದೋಣಿಯನ್ನೇ ಸಾಗಿಸುವ ಅಸಲಿ ಕಳ್ಳರೂ ಇದ್ದರು, ಆ ಮಾತು ಬೇರೆ.

ಗ್ಲಾಸ್ಗೋದ ವ್ಯಾಪಾರಿಯಾಗಿದ್ದು ಲಂಡನ್‌ನಲ್ಲಿ ಮ್ಯಾಜಿಸ್ಟ್ರೇಟ್ ಆದ ಪ್ಯಾಟ್ರಿಕ್ ಕೊಲ್ಹೂನ್ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದ. ನದಿಯಲ್ಲಿ ದುಡಿಯುವ 33,000 ಮಂದಿಯಲ್ಲಿ 11,000 ಮಂದಿ ಕಳ್ಳರು ಎಂದು ಲೆಕ್ಕ ಕೊಟ್ಟ. ಪೊಲೀಸ್ ಪಡೆ ಬೇಕೆಂದು ಹಟ ಹಿಡಿದವನ ಲೆಕ್ಕವಿದು, ಕಣ್ಣು ಮುಚ್ಚಿ ನಂಬುವಂಥದ್ದಲ್ಲ. 1798ರ ಜುಲೈಯಲ್ಲಿ ಥೇಮ್ಸ್ ದಂಡೆಯ ವಾಪಿಂಗ್‌ನಲ್ಲಿ ಪಡೆ ಶುರುವಾಯಿತು. ಖರ್ಚಿನ ಬಹುಪಾಲು ಕೊಟ್ಟವರು ಸಕ್ಕರೆ ವ್ಯಾಪಾರಿಗಳು. ಹಮಾಲಿಗಳು ದೊಗಲೆ ಬಟ್ಟೆ ತೊಡುವಂತಿಲ್ಲ, ಚೀಲ ತರುವಂತಿಲ್ಲ. ಕೆಲಸ ಮುಗಿದ ಮೇಲೆ ಮೈ ತಡಕುವರು. ಅಕ್ಟೋಬರ್‌ನಲ್ಲಿ ಕಲ್ಲಿದ್ದಲು ಕದ್ದರೆಂದು ಕೆಲವರಿಗೆ ತಲಾ 40 ಶಿಲಿಂಗ್ ದಂಡ ಬಿದ್ದಾಗ ಜನ ಠಾಣೆಯ ಮೇಲೆ ಕಲ್ಲು ತೂರಿದರು. ಆ ಗಲಭೆಯಲ್ಲಿ ಪೊಲೀಸರ ಕಡೆಯ ಗೇಬ್ರಿಯಲ್ ಫ್ರಾಂಕ್ಸ್ ಗುಂಡೇಟಿಗೆ ಬಲಿಯಾದ. ಎರಡೇ ವರ್ಷಕ್ಕೆ ಪಾರ್ಲಿಮೆಂಟ್ ಈ ಪಡೆಯನ್ನು ಸರ್ಕಾರಿ ಮಾಡಿತು. 1802ರಲ್ಲಿ ಎತ್ತರದ ಗೋಡೆಯೊಳಗೆ, ಹಡಗುಗಳ ಸರಕು ಇಳಿಸಲು ವೆಸ್ಟ್ ಇಂಡಿಯಾ ಡಾಕ್ಸ್ ಎಂಬ ಹಡಗುಕಟ್ಟೆ ತೆರೆಯಿತು.

ಅತ್ತ ಕಾನೂನು ಪುಸ್ತಕದಲ್ಲಿ 200ಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು. ಮನೆಯಿಂದ 40 ಶಿಲಿಂಗ್ ಬೆಲೆಯದನ್ನು ಕದ್ದರೆ ನೇಣು. ಹಾಗಾಗಿ ಎಷ್ಟೋ ಸಲ ಜ್ಯೂರಿಗಳು ಮಾಲಿನ ಬೆಲೆ 39 ಶಿಲಿಂಗ್ ಎಂದು ಬರೆದು ಜೀವ ಉಳಿಸುತ್ತಿದ್ದರು! ನೇಣಿನ ಭಯಕ್ಕಿಂತ ಸಿಕ್ಕಿಬೀಳುವ ಭಯ ಹೆಚ್ಚು ಕೆಲಸ ಮಾಡುತ್ತದೆಂಬ ವಾದಕ್ಕೆ ಬಲ ಬಂತು. ಗೃಹಮಂತ್ರಿ ರಾಬರ್ಟ್ ಪೀಲ್ 1829ರಲ್ಲಿ ಲಂಡನ್‌ನ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಕಟ್ಟಿದ. ಹತ್ತು ವರ್ಷದ ನಂತರ ವಾಪಿಂಗ್ ಪಡೆಯೂ ಅದರೊಳಗೆ ಸೇರಿತು.

ಮಾಮೂಲು ನಿಂತರೂ ಕೂಲಿ ಮಾತ್ರ ಜಗ್ಗಲಿಲ್ಲ. ಗಂಟೆಗೆ 6 ಪೆನ್ನಿ ಪಡೆಯಲು ಲಂಡನ್ ಬಂದರಿನ ಕೂಲಿಗಳು 1889ರಲ್ಲಿ ವಾರಗಟ್ಟಲೆ ಮುಷ್ಕರ ಹೂಡಬೇಕಾಯಿತು.