ಕ್ಯಾಥೆಟರ್ ಮೇಲಿನ ಬಯೋಫಿಲ್ಮ್: ಔಷಧಿಗಿಂತ ಮೊದಲು ಪೈಪ್

ವೈದ್ಯಕೀಯ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವ ಪ್ರಶ್ನೆ ಸರಳ. ಜೋಯಿಡಾ ಕಡೆಯ ಅಜ್ಜ, ಮೂರು ವಾರದಿಂದ ಮೂತ್ರದ ಪೈಪ್ (ಕ್ಯಾಥೆಟರ್) ಇದೆ, ಈಗ ಚಳಿಜ್ವರ. ಏನು ಮಾಡುತ್ತೀರಿ? ನಮ್ಮಲ್ಲಿ ಜಾಸ್ತಿ ಜನ ತಟ್ಟನೆ ಒಂದು ಆಂಟಿಬಯೋಟಿಕ್ ಹೆಸರು ಹೇಳಿಬಿಡುತ್ತೇವೆ. ಉತ್ತರ ಶುರುವಾಗಬೇಕಾದ್ದು ಪೈಪಿನಿಂದ.

ಮಳೆಗಾಲದ ಮೀನುಗಾರಿಕೆ ನಿಷೇಧದ ಹೊತ್ತಿಗೆ ಕಾರವಾರದ ಬೈತಖೋಲದಲ್ಲಿ ದಡ ಹತ್ತಿಸಿದ ದೋಣಿಯ ತಳ ಮುಟ್ಟಿದವರಿಗೆ ಬಯೋಫಿಲ್ಮ್, ಅಂದರೆ ಬ್ಯಾಕ್ಟೀರಿಯಾ ತಮ್ಮ ಸುತ್ತ ಕಟ್ಟಿಕೊಳ್ಳುವ ಲೋಳೆಪದರ, ಹೊಸದೇನಲ್ಲ. ಕೈಗೆ ಹತ್ತುವ ಲೋಳೆಯಲ್ಲಿ ಇರುವುದೂ ಅದೇ. ಸುಮ್ನೆ ನೀರು ಹೊಯ್ದರೆ ಹೋಗುವುದಿಲ್ಲ, ಕೆರೆಯಬೇಕು. ಕ್ಯಾಥೆಟರ್ ಹಾಕಿದ ಕೂಡಲೇ ಮೂತ್ರದಲ್ಲಿನ ಪ್ರೋಟೀನ್, ಲವಣ ಅದರ ಮೇಲೆ ತೆಳ್ಳಗೆ ಕೂರುತ್ತವೆ. ಅಲ್ಲಿ ಬ್ಯಾಕ್ಟೀರಿಯಾ ಅಂಟಿಕೊಂಡು, ಸಕ್ಕರೆಯ ಸರಪಳಿ, ಪ್ರೋಟೀನ್, ಡಿಎನ್‌ಎ ಸೇರಿದ ಲೋಳೆಯೊಳಗೆ ನೆಲೆಯೂರುತ್ತವೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ದಿನಕ್ಕೆ ಶೇ. 3ರಿಂದ 7. ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ.

ಔಷಧಿ ಯಾಕೆ ಸೋಲುತ್ತದೆ? 'ಲೋಳೆ ತಡೆಯುತ್ತದೆ' ಎಂದಷ್ಟೇ ಬರೆದರೆ ಅರ್ಧ ಉತ್ತರ. ಸಿಪ್ರೋಫ್ಲಾಕ್ಸಸಿನ್‌ನಂಥವು ಒಳಗೆ ಇಳಿಯುತ್ತವೆ. ಆದರೆ ಆಳದಲ್ಲಿರುವ ಕೋಶಗಳಿಗೆ ಆಮ್ಲಜನಕ, ಆಹಾರ ಕಡಿಮೆ. ಅವು ಬೆಳೆಯುವುದನ್ನೇ ನಿಧಾನಿಸಿರುತ್ತವೆ. ಪೆನಿಸಿಲಿನ್ ಕುಟುಂಬದ ಔಷಧಿಗಳು ಹೊಡೆಯುವುದು ಗೋಡೆ ಕಟ್ಟುತ್ತಿರುವ ಕೋಶವನ್ನು. ಕೆಲಸವೇ ನಿಂತಿದ್ದರೆ ಹೊಡೆಯುವುದು ಏನನ್ನು? ಇದರ ಮೇಲೆ ಪರ್ಸಿಸ್ಟರ್ ಎಂಬ ನಿದ್ದೆಗೆ ಜಾರಿದ ಕೋಶಗಳು ಬೇರೆ. ಹೀಗಾಗಿ ಬಯೋಫಿಲ್ಮ್ ಕೊಲ್ಲಲು ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧಿ ಬೇಕಾಗುತ್ತದೆ. ಲ್ಯಾಬ್ ರಿಪೋರ್ಟ್ 'ಸೆನ್ಸಿಟಿವ್' (ಈ ಔಷಧಿಗೆ ಬಗ್ಗುತ್ತದೆ) ಎನ್ನುವುದು ಬಿಡಿಯಾಗಿ ಬೆಳೆದ ಕೋಶಗಳನ್ನು ನೋಡಿ. ರಿಪೋರ್ಟ್ ಸರಿ ಇದ್ದೂ ಜ್ವರ ಮರುಕಳಿಸುವುದು ಇದಕ್ಕೇ.

ಪ್ರೋಟಿಯಸ್ ಮಿರಾಬಿಲಿಸ್ ಎಂಬ ಬ್ಯಾಕ್ಟೀರಿಯಾ ಇನ್ನೂ ಕಿರಿಕಿರಿ. ಅದರ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಪಿಎಚ್ ಏರುತ್ತದೆ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟುತ್ತವೆ. ತೆಗೆದ ಪೈಪಿನ ತುದಿಯ ತೂತಿನ ಸುತ್ತ ಬಿಳಿ, ಮರಳುಮರಳಾದ ಕಿಟ್ಟ ಕಂಡರೆ ಇದನ್ನು ನೆನೆಯಿರಿ. ಪೈಪ್ ಪದೇಪದೇ ಕಟ್ಟುವುದು ಇದರಿಂದ.

ಈಗ ಅಜ್ಜನ ವಿಷಯ. ಪೈಪ್ ಬೇಡವಾಗಿದ್ದರೆ ತೆಗೆದುಬಿಡಿ. ಬೇಕೇ ಬೇಕು, ಹಾಕಿ ಎರಡು ವಾರ ದಾಟಿದೆ ಎಂದಾದರೆ ಹೊಸದು ಹಾಕಿ, ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಮೂತ್ರವನ್ನು ಹೊಸದರಿಂದಲೇ ತೆಗೆಯಿರಿ. ಸ್ಯಾಂಪಲ್ ಪೋರ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಟ್ಟು, ಸಿರಿಂಜಿನಿಂದ ಎಳೆಯಬೇಕು. ಬ್ಯಾಗಿನಿಂದ ಹಿಡಿದದ್ದು ಲೆಕ್ಕಕ್ಕಿಲ್ಲ. ಆಮೇಲೆ ಆಂಟಿಬಯೋಟಿಕ್. ಬೇಗ ಚೇತರಿಸಿಕೊಂಡರೆ ಸಾಮಾನ್ಯವಾಗಿ 7 ದಿನ ಸಾಕು. ಬಿಪಿ ಬೀಳುತ್ತಿದ್ದರೆ ಮಾತ್ರ ಈ ಕ್ರಮಕ್ಕೆಂದು ಔಷಧಿ ತಡಮಾಡುವಂತಿಲ್ಲ. ಜ್ವರ, ನೋವು ಏನೂ ಇಲ್ಲದೆ ಕಲ್ಚರ್ ಮಾತ್ರ ಪಾಸಿಟಿವ್ ಬಂದರೆ, ಗರ್ಭಿಣಿಯರಂಥ ಕೆಲವರನ್ನು ಬಿಟ್ಟು, ಚಿಕಿತ್ಸೆ ಬೇಡ. ನನ್ನ ಪ್ರಕಾರ ಪರೀಕ್ಷೆಯಲ್ಲೂ ವಾರ್ಡಿನಲ್ಲೂ ಎಡವುವುದು ಇಲ್ಲೇ.

ದೊಡ್ಡ ರಕ್ತನಾಳಕ್ಕೆ ಹಾಕುವ ಪೈಪಾದ ಸೆಂಟ್ರಲ್ ಲೈನಿನಲ್ಲೂ ತರ್ಕ ಇದೇ. ಕಲ್ಚರಿನಲ್ಲಿ ಸ್ಟಾಫ್ ಆರಿಯಸ್, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾ ಶಿಲೀಂಧ್ರ ಸಿಕ್ಕರೆ ಲೈನ್ ತೆಗೆಯುವುದೇ ದಾರಿ. ಸ್ಟಾಫ್ ಎಪಿಡರ್ಮಿಡಿಸ್ ಆಗಿದ್ದು, ಬೇರೆ ನಾಳ ಸಿಗದಿದ್ದರೆ ಲಾಕ್ ಪ್ರಯತ್ನಿಸಬಹುದು: ಗಾಢವಾದ ವ್ಯಾಂಕೋಮೈಸಿನ್ ದ್ರಾವಣವನ್ನು ಲೈನಿನೊಳಗೇ ಗಂಟೆಗಟ್ಟಲೆ ನಿಲ್ಲಿಸಿಡುವುದು, ಜೊತೆಗೆ ರಕ್ತಕ್ಕೂ ಔಷಧಿ ಕೊಡುವುದು. ಎಥನಾಲ್ ಲಾಕ್ ಕೂಡ ಇದೆ, ಆದರೆ ಅದು ಕೆಲವು ಪಾಲಿಯುರೆಥೇನ್ ಲೈನ್‌ಗಳನ್ನು ದುರ್ಬಲ ಮಾಡುತ್ತದೆ. ತುಂಬುವ ಮೊದಲು ಲೈನ್ ಯಾವುದರದ್ದೆಂದು ಪ್ಯಾಕೆಟ್ ನೋಡಿಕೊಳ್ಳಿ.